ಕಡಜಕ್ಕೆ ಬಲೆಯೋ, ಪೆಟ್ಟಿಗೆಗೆ ಜಾಲರಿಯೋ

ಜೇನುಪೆಟ್ಟಿಗೆಯನ್ನು ಕಡಜದಿಂದ ಕಾಯುವ ಉಪಾಯಗಳಲ್ಲಿ ಹೆಚ್ಚು ಹೆಸರು ಮಾಡಿರುವುದು ಬಾಟಲಿ ಬಲೆ. ಬಾಟಲಿಯಲ್ಲಿ ಹುಳಿ ಬಂದ ಸಿಹಿನೀರು ಇಟ್ಟರೆ ಒಳಹೊಕ್ಕ ಹುಳ ಹೊರಬರಲಾಗದೆ ಸಾಯುತ್ತದೆ. ಯುರೋಪಿನವರು ಇದಕ್ಕೆ ಮೊರೆಹೋದದ್ದು ಸಹಜ. ಏಷ್ಯಾದ ವೆಸ್ಪಾ ವೆಲುಟಿನಾ ಎಂಬ ಕಡಜ 2004ರಲ್ಲಿ ಫ್ರಾನ್ಸಿನಲ್ಲಿ ಕಾಣಿಸಿಕೊಂಡು, 2016ರ ಹೊತ್ತಿಗೆ ಬ್ರಿಟನ್ನನ್ನೂ ಮುಟ್ಟಿತು. ಅಲ್ಲಿ ಕಡಜ ಹೊರಗಿನದು, ಅದನ್ನು ಬೇರುಸಹಿತ ಕೀಳಬೇಕೆಂಬ ಹಟಕ್ಕೆ ಅರ್ಥವಿದೆ.

ರಾಯಚೂರು ಜಿಲ್ಲೆಯ ದೇವಸುಗೂರಿನ ಹೊಲದಲ್ಲಿ ಈ ಲೆಕ್ಕ ತಿರುವುಮುರುವಾಗುತ್ತದೆ. ಹೊಟ್ಟೆಗೆ ಅಗಲ ಹಳದಿ ಪಟ್ಟೆಯ ವೆಸ್ಪಾ ಟ್ರಾಪಿಕಾ ದಕ್ಷಿಣ ಭಾರತದ್ದೇ. ಸೂರ್ಯಕಾಂತಿಯ ಪರಾಗಸ್ಪರ್ಶಕ್ಕೆಂದು ಬಯಲುಸೀಮೆಗೆ ತರುವ ಮೆಲ್ಲಿಫೆರಾ ಜೇನೇ ಹೊರಗಿನದು. ಅದು 1960ರ ದಶಕದಲ್ಲಿ ಉತ್ತರ ಭಾರತದಲ್ಲಿ ನೆಲೆಯೂರಿದ ಯುರೋಪಿನ ತಳಿ. ನಮ್ಮ ತುಡುವೆ ಜೇನು ಕಡಜವನ್ನು ಮುತ್ತಿ ಉಂಡೆಯಾಗಿ, ಸುಮಾರು 46 ಡಿಗ್ರಿ ಕಾವೇರಿಸಿ ಅದನ್ನು ಕೊಲ್ಲಬಲ್ಲದು. ಮೆಲ್ಲಿಫೆರಾಗೆ ಈ ಕಸುಬು ಅಷ್ಟಾಗಿ ಒಲಿದಿಲ್ಲ.

ಹೀಗಿರುವಾಗ ಬಾಟಲಿ ಬಲೆ ಎರಡು ಕಡೆ ಸೋಲುತ್ತದೆ. ಅದರಲ್ಲಿ ಕಡಜಕ್ಕಿಂತ ನೊಣ, ಚಿಟ್ಟೆ ಮತ್ತಿತರ ಕೀಟಗಳೇ ಹೆಚ್ಚು ಬೀಳುತ್ತವೆ. ಬೆಳೆಯ ಹುಳು ತಿನ್ನುವ ಕೀಟಗಳೂ ಅದರಲ್ಲಿ ಸಾಯಬಹುದು. ಇನ್ನು, ಈ ನೆಲದಲ್ಲೇ ಬೇರೂರಿದ ಕಡಜವನ್ನು ಬಲೆಗಳಿಂದ ಅಳಿಸುವುದಂತೂ ಆಗದ ಮಾತು. ರಾತ್ರಿ ಗೂಡು ಸುಡುವುದು ಇದಕ್ಕಿಂತ ಕೆಟ್ಟದ್ದು: ಹತ್ತಿಕಟ್ಟಿಗೆಯ ಪಕ್ಕದಲ್ಲಿ ಬೆಂಕಿ ಹಚ್ಚುವುದು ಜಾಣತನವಲ್ಲ, ಕೆರಳಿದ ಕಡಜಗಳ ಸಾಮೂಹಿಕ ಕುಟುಕು ಮನುಷ್ಯನ ಜೀವವನ್ನೇ ತೆಗೆಯಬಲ್ಲದು. ಬ್ಯಾಟಿನಿಂದ ಬಡಿಯುವುದು ಹತ್ತಾರು ಪೆಟ್ಟಿಗೆ ಇರುವವರಿಗೆ ದಿನವಿಡೀ ಕಾವಲು ಬೇಡುವ ಕೆಲಸ.

ನನ್ನ ಮಟ್ಟಿಗೆ ಗೆಲ್ಲುವುದು ಬಾಗಿಲ ಕಾವಲು. ಪೆಟ್ಟಿಗೆಯ ಬಾಗಿಲ ಎತ್ತರವನ್ನು ಸುಮಾರು 5.5 ಮಿಲಿಮೀಟರಿಗೆ ಇಳಿಸಿದರೆ ಕೆಲಸಗಾರ ಜೇನು ನುಸುಳುತ್ತದೆ, ಕಡಜ ಹೊರಗೇ ಉಳಿಯುತ್ತದೆ. ಇದೂ ಪೂರ್ಣ ಪರಿಹಾರವಲ್ಲ. ಬಾಗಿಲೆದುರು ಕಡಜ ಸುಳಿದಾಡುತ್ತಿದ್ದರೆ ಜೇನು ಹೆದರಿ ಹೂವಿಗೆ ಹೋಗುವುದನ್ನೇ ನಿಲ್ಲಿಸುತ್ತದೆ, ಕುಟುಂಬ ಒಳಗೇ ಸೊರಗುತ್ತದೆ. ಫ್ರಾನ್ಸಿನವರು ಬಾಗಿಲ ಮುಂದೆ ಜಾಲರಿಯ ಗೂಡು ಕಟ್ಟಿ ಈ ಹೆದರಿಕೆಯನ್ನು ಕಡಿಮೆ ಮಾಡಿದ್ದಾರೆ. ಅವರಿಂದ ಎರವಲು ತರಬೇಕಾದದ್ದು ಬಾಟಲಿಯಲ್ಲ, ಈ ಜಾಲರಿ.

ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುವುದರಿಂದ ಒಂದು ಎಚ್ಚರ ಬೇಕು: ಬಾಗಿಲ ಎತ್ತರ ತಗ್ಗಿಸಿದರೂ ಅಗಲ ಉಳಿಸಿ ಗಾಳಿ ಆಡಲು ಬಿಡಬೇಕು, ಪೆಟ್ಟಿಗೆ ನೆರಳಲ್ಲಿರಬೇಕು, ಹತ್ತಿರ ನೀರು ಇರಬೇಕು. ಕಡಜದ ಹಾವಳಿ ಮುಗಿದಮೇಲೆ ಜಾಲರಿ ತೆಗೆಯಬೇಕು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಇದನ್ನು ಇಲ್ಲಿಯ ಬಿಸಿಲಲ್ಲೇ ಪರೀಕ್ಷಿಸಿ ರೈತರಿಗೆ ಕಲಿಸಿದರೆ, ಕಡಜವನ್ನು ಕೊಲ್ಲುವ ಖರ್ಚು ಜೇನನ್ನು ಕಾಯುವುದಕ್ಕೆ ಬರುತ್ತದೆ.