ಹ್ರಸ್ವತರಂಗ ಬಾನುಲಿಯೂ ಕೇಳುಗನ ಸ್ವಾತಂತ್ರ್ಯವೂ

ಅಂತರ್ಜಾಲವು ಮನೆಮನೆಗೆ ಬಂದ ಮೇಲೆ ಹ್ರಸ್ವತರಂಗದ ಬಾನುಲಿ, ಎಂದರೆ ಜನರ ಬಾಯಲ್ಲಿ ‘ಶಾರ್ಟ್‌ವೇವ್’, ತನ್ನ ಆಯುಸ್ಸನ್ನು ಮುಗಿಸಿತೆಂಬ ಮಾತು ಇಂದು ಸಿದ್ಧಾಂತದ ಪದವಿಗೆ ಏರಿದೆ. ಅದಕ್ಕಾಗಿ ಮರುಗುವವರೂ ಮರುಗದವರೂ ಈ ಒಂದು ವಿಷಯದಲ್ಲಿ ಮಾತ್ರ ಏಕಮತದವರು. ಮರುಗುವವರ ಬರಹಗಳಲ್ಲಿ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆ, ಗರಗರ ಸದ್ದು, ತಂದೆಯವರ ಬೆರಳಿನ ತಿರುವು ಇವೇ ಮತ್ತೆ ಮತ್ತೆ ಬರುತ್ತವೆ. ಇವೆಲ್ಲ ಬಾಲ್ಯಸ್ಮರಣೆಯ ಸಾಮಗ್ರಿಯೇ ಹೊರತು ವಿಮರ್ಶೆಯಲ್ಲ. ಒಂದು ಮಾಧ್ಯಮವನ್ನು ಬೆಲೆಗಟ್ಟುವ ಮೊದಲು ಅದರ ಸ್ವಭಾವವನ್ನು ವಿಚಾರಿಸಬೇಕಾಗುತ್ತದೆ.

3ರಿಂದ 30 ಮೆಗಾಹರ್ಟ್ಸ್‌ವರೆಗಿನ ಈ ಅಲೆಗಳ ವೈಶಿಷ್ಟ್ಯವೆಂದರೆ ಅವು ಮೇಲೇರಿ ಅಯಾನುಮಂಡಲದಲ್ಲಿ ಬಾಗಿ, ನೂರಾರು ಅಥವಾ ಸಾವಿರಾರು ಕಿಲೋಮೀಟರ್ ಆಚೆ ಭೂಮಿಗೆ ಮರಳುವುದು. ನಡುವೆ ಒಂದು ನಿಶ್ಶಬ್ದ ವಲಯವಿರುತ್ತದೆ. ಪ್ರಸಾರಕೇಂದ್ರಕ್ಕೆ ಸಮೀಪದ ಊರಿಗೆ ಕೇಳಿಸದ ಮಾತು ಸಮುದ್ರದಾಚೆಯ ಊರಿಗೆ ಕೇಳಿಸೀತು. ಹಗಲಿಗೆ 16, 19 ಮೀಟರಿನ ಪಟ್ಟಿಗಳು, ಇರುಳಿಗೆ 41, 49 ಮೀಟರಿನವು ಒದಗುತ್ತವೆ. ಸುಮಾರು ಹನ್ನೊಂದು ವರ್ಷಗಳ ಸೂರ್ಯಚಕ್ರದೊಡನೆ ಈ ಲೆಕ್ಕವೂ ಏರಿಳಿಯುತ್ತದೆ. ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಸ್ಥಾಪಿಸಿದ ನಿಲಯಕ್ಕೆ ‘ಆಕಾಶವಾಣಿ’ಯೆಂಬ ಹೆಸರು ಬಂದಾಗ ಪುರಾಣಗಳ ಅಶರೀರವಾಣಿ ಎಲ್ಲರ ಮನಸ್ಸಿನಲ್ಲಿದ್ದಿರಬೇಕು. ಆದರೆ ಕಂಸನು ಕೇಳಿದ ವಾಣಿಗೆ ಕೇಳುವವನು ಕಂಸನೆಂದು ತಿಳಿದಿತ್ತು. ಹ್ರಸ್ವತರಂಗದಲ್ಲಿ ನುಡಿಯುವವನಂತೆ ಕೇಳುವವನೂ ಅಶರೀರಿ. ಅವನು ಯಾರು, ಎಲ್ಲಿರುವನು, ಎಷ್ಟು ಹೊತ್ತು ಕೇಳಿದನು ಎಂಬುದು ಯಾವ ಖಾತೆಯಲ್ಲಿಯೂ ಜಮೆಯಾಗುವುದಿಲ್ಲ. ಆತನ ನೆಲವನ್ನು ಆಳುವವರಿಗೆ ಈ ಅಲೆಗಳ ಬಾಗಿಲು ಮುಚ್ಚಲು ಬರುವುದಿಲ್ಲ. ಹೆಚ್ಚೆಂದರೆ ಅದೇ ತರಂಗಾಂತರದಲ್ಲಿ ಗದ್ದಲವೆಬ್ಬಿಸಬಹುದು.

ಈ ಸ್ವಭಾವವು ಭಾಷೆಯ ಮೇಲೂ ತನ್ನ ಮುದ್ರೆಯನ್ನೊತ್ತಿತು. ಧ್ವನಿಯು ಮಸುಳಿ ಮರಳುವ ಮಾಧ್ಯಮದಲ್ಲಿ ವಾಕ್ಯ ಚಿಕ್ಕದಿರಬೇಕು, ಮುಖ್ಯಾಂಶವನ್ನು ಕೊನೆಗೆ ಮತ್ತೊಮ್ಮೆ ಹೇಳಬೇಕು. ವಾಯ್ಸ್ ಆಫ್ ಅಮೇರಿಕಾ 1959ರಲ್ಲಿ ಆರಂಭಿಸಿದ, ಸುಮಾರು 1500 ಶಬ್ದಗಳ ನಿಧಾನಗತಿಯ ಇಂಗ್ಲಿಷು ಈ ಅಗತ್ಯದ ಪರಾಕಾಷ್ಠೆ. ಅದರಲ್ಲಿ ಸೊಗಸಿರಲಿಲ್ಲ, ಕೇಳುಗನ ಮೇಲೆ ದಯೆಯಿತ್ತು. ಇಂದು ಕಿವಿಗಿಟ್ಟುಕೊಂಡು ಕೇಳುವ ಗಂಟೆಗಟ್ಟಲೆಯ ಹರಟೆಗಳಿಗೆ ಈ ಸಂಯಮ ಅನಾವಶ್ಯಕವಾಗಿದೆ.

ಹಾಗೆಂದು ಹ್ರಸ್ವತರಂಗವನ್ನು ಸತ್ಯಸಂಧತೆಯ ಪೀಠದಲ್ಲಿ ಕೂರಿಸಲಾಗದು. 1932ರ ಡಿಸೆಂಬರಿನಲ್ಲಿ ಬಿ.ಬಿ.ಸಿ. ತೊಡಗಿದ ಪ್ರಸಾರದ ಹೆಸರೇ ‘ಎಂಪೈರ್ ಸರ್ವಿಸ್’. ಅದರ ಹಿಂದೀ ವಿಭಾಗ ಹುಟ್ಟಿದುದು 1940ರ ಮೇ ತಿಂಗಳಲ್ಲಿ, ಯುದ್ಧದ ನಡುವೆ. ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸಾಮ್ರಾಜ್ಯದ ಆಯುಧವು ಸಾಮ್ರಾಜ್ಯದ ವಿರುದ್ಧವೂ ತಿರುಗಿತು. 1942ರಲ್ಲಿ ಮುಂಬಯಿಯ ಮನೆಯಿಂದ ಮನೆಗೆ ಗುಟ್ಟಾಗಿ ಸಾಗುತ್ತ, 42.34 ಮೀಟರಿನಲ್ಲಿ ನುಡಿದ ಕಾಂಗ್ರೆಸ್ ರೇಡಿಯೋ ಮತ್ತು ಅದನ್ನು ನಡೆಸಿ ಸೆರೆಮನೆ ಕಂಡ ಉಷಾ ಮೆಹತಾ ಇದಕ್ಕೆ ಸಾಕ್ಷಿ.

ಸ್ವತಂತ್ರ ಭಾರತದ ನಿದರ್ಶನವು ಇನ್ನಷ್ಟು ರಸವತ್ತಾಗಿದೆ. 1952ರಲ್ಲಿ ವಾರ್ತಾಖಾತೆಯ ಸಚಿವರಾದ ಬಿ. ವಿ. ಕೇಸ್ಕರ್ ಅವರಿಗೆ ಚಿತ್ರಗೀತೆಯಲ್ಲಿ ಗೌರವವಿರಲಿಲ್ಲ. ಸರ್ಕಾರೀ ಬಾನುಲಿಯಿಂದ ಅದು ಬಹುಮಟ್ಟಿಗೆ ಹೊರಬಿತ್ತು. ಆಗ ರೇಡಿಯೋ ಸಿಲೋನ್, ಮಹಾಯುದ್ಧಕ್ಕಾಗಿ ಕೊಲಂಬೊ ಬಳಿ ನೆಲೆಗೊಳಿಸಿದ್ದ ಪ್ರಸಾರಯಂತ್ರಗಳ ಬಲದಿಂದ ಆ ಗೀತೆಗಳನ್ನು ಭಾರತದ ಮೇಲೆ ಸುರಿಯಿತು. ಅದೇ ವರ್ಷ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಆರಂಭವಾಯಿತು. ಕೇಳುಗರು ಪ್ರತಿಭಟನೆಯ ಸಭೆ ಸೇರಲಿಲ್ಲ, ಮನವಿಪತ್ರ ಬರೆಯುವ ಗೋಜಿಗೂ ಬಹುಮಂದಿ ಹೋಗಲಿಲ್ಲ. ಮುಳ್ಳನ್ನು ತಿರುಗಿಸಿದರು, ಅಷ್ಟೆ. 1957ರ ಅಕ್ಟೋಬರಿನಲ್ಲಿ ‘ವಿವಿಧ ಭಾರತಿ’ ಬಂದಿತು. ಸಚಿವರ ಅಭಿರುಚಿ ಉನ್ನತವಾಗಿತ್ತೆಂದು ಒಪ್ಪಬಹುದು. ಶಾಸ್ತ್ರೀಯ ಸಂಗೀತಕ್ಕೆ ಅವರಿಂದಾದ ಉಪಕಾರವೂ ಅಲ್ಪವಲ್ಲ. ಆದರೂ ಅಭಿರುಚಿಯನ್ನು ಆಜ್ಞೆಯಿಂದ ಬೆಳೆಸಲಾಗದೆಂಬುದನ್ನು ತೋರಿಸಿಕೊಟ್ಟುದು ಗಡಿಯರಿಯದ ಈ ಅಲೆಯೇ.

ಅಂತರ್ಜಾಲವು ಧ್ವನಿಯ ಶುದ್ಧಿಯಲ್ಲಿಯೂ ಆಯ್ಕೆಯ ವೈಪುಲ್ಯದಲ್ಲಿಯೂ ಮೇಲೆಂಬುದು ನಿರ್ವಿವಾದ. ಅಷ್ಟೇಕೆ, ಹ್ರಸ್ವತರಂಗದ ಶ್ರವಣಕ್ಕೇ ಅದು ನೆರವಾಗಿದೆ. ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾನಿಲಯದ ಗ್ರಾಹಕಯಂತ್ರವನ್ನು 2008ರಿಂದ ಯಾರು ಬೇಕಾದರೂ ತಮ್ಮ ಗಣಕದಿಂದಲೇ ತಿರುಗಿಸಬಹುದಾಗಿದೆ. ವಿದ್ಯುದ್ದೀಪ ಮತ್ತು ಚಾರ್ಜರುಗಳ ಗುಂಯ್‌ಗುಡುವಿಕೆಯಲ್ಲಿ ಮುಳುಗಿದ ಪುಣೆಯ ಅಥವಾ ಮುಂಬಯಿಯ ಬಹುಮಹಡಿ ಮನೆಯವನಿಗೆ ಇದು ದೊಡ್ಡ ಅನುಕೂಲ. ಆದರೆ ಅವನಿಗೆ ಕೇಳುವುದು ತನ್ನ ಮಾಳಿಗೆಯ ಆಕಾಶವಲ್ಲ, ಡಚ್ಚರ ಆಕಾಶ. ಮಿಗಿಲಾಗಿ, ಅವನು ಕೇಳಿದುದಕ್ಕೆ ಎಲ್ಲೋ ಒಂದು ಕಡೆ ಗುರುತು ಉಳಿದಿರುತ್ತದೆ; ದಾರಿಯನ್ನು ಕಡಿದರೆ ಶ್ರವಣವೂ ನಿಲ್ಲುತ್ತದೆ.

ದಾರಿಯನ್ನು ಕಡಿಯುವುದು ಕಲ್ಪನೆಯ ಮಾತಲ್ಲ. 2019ರ ಆಗಸ್ಟಿನಲ್ಲಿ ಕಾಶ್ಮೀರದಲ್ಲಿ ದೂರವಾಣಿ, ಅಂತರ್ಜಾಲಗಳೆರಡೂ ನಿಂತಾಗ, ಬಿ.ಬಿ.ಸಿ.ಯು ಹ್ರಸ್ವತರಂಗದಲ್ಲಿ ತನ್ನ ಹಿಂದೀ ಪ್ರಸಾರವನ್ನು ಅರ್ಧ ಗಂಟೆ ಹಿಗ್ಗಿಸಿತು. ಉರ್ದುವಿನಲ್ಲಿ ಹದಿನೈದು ನಿಮಿಷಗಳ ಹೊಸ ಕಾರ್ಯಕ್ರಮ ತೊಡಗಿತು. 2020ರ ಜನವರಿ 31ರಂದು ಅದೇ ಸಂಸ್ಥೆ ಎಂಬತ್ತು ವರ್ಷಗಳಿಗೆ ಸಮೀಪಿಸಿದ್ದ ಹಿಂದಿಯ ಹ್ರಸ್ವತರಂಗ ಪ್ರಸಾರವನ್ನು ಮುಗಿಸಿತು. ಕೇಳುಗರ ಸಂಖ್ಯೆ ಇಳಿದಿದೆ, ಜನರು ಡಿಜಿಟಲ್ ಮಾಧ್ಯಮಕ್ಕೆ ಹೋಗಿದ್ದಾರೆ ಎಂಬುದು ಕಾರಣ. ಆ ವಾರ ಕಾಶ್ಮೀರದಲ್ಲಿ ತೆರೆದಿದ್ದುದು ಮಂದಗತಿಯ 2ಜಿ, ಅದೂ ಸರ್ಕಾರ ಪಟ್ಟಿಮಾಡಿಕೊಟ್ಟ 301 ತಾಣಗಳಿಗೆ ಮಾತ್ರ; 4ಜಿ ಮರಳಿದುದು 2021ರ ಫೆಬ್ರವರಿಯಲ್ಲಿ. ಸಂಖ್ಯೆಯ ವಾದವು ಸುಳ್ಳಲ್ಲ, ಅಪೂರ್ಣ. ಬರಗಾಲದ ಕಣಜವನ್ನು ಸುಗ್ಗಿಯ ದಿನಗಳ ಬಳಕೆಯಿಂದ ಅಳೆಯುವುದಿಲ್ಲವಷ್ಟೆ.

ಇದಕ್ಕೆ ಪ್ರತಿಯಾಗಿ, ಅಗತ್ಯ ಬಿದ್ದಾಗ ಪ್ರಸಾರವನ್ನು ಮತ್ತೆ ಆರಂಭಿಸಬಹುದಲ್ಲ ಎನ್ನುವವರಿದ್ದಾರೆ. 2022ರ ಮಾರ್ಚಿನಲ್ಲಿ, ಉಕ್ರೇನಿನ ಮೇಲೆ ರಷ್ಯದ ಆಕ್ರಮಣವಾದ ಬಳಿಕ, ಹಾಗೆಯೇ ಆಯಿತು: ದಿನಕ್ಕೆ ನಾಲ್ಕು ಗಂಟೆ, 15735 ಮತ್ತು 5875 ಕಿಲೋಹರ್ಟ್ಸ್‌ಗಳಲ್ಲಿ ಇಂಗ್ಲಿಷ್ ವಾರ್ತೆ. ಪ್ರಸಾರಯಂತ್ರವನ್ನು ಹೀಗೆ ಒಂದು ವಾರದಲ್ಲಿ ತಿರುಗಿಸಿ ನಿಲ್ಲಿಸಬಹುದು. ಗ್ರಾಹಕಪೆಟ್ಟಿಗೆಯು ಮಾತ್ರ ಯುದ್ಧಕ್ಕೆ ಮೊದಲೇ ಮನೆಯಲ್ಲಿರಬೇಕು. ಸಂಜೆ ಯಾವ ಪಟ್ಟಿ, ಇರುಳು ಯಾವ ಪಟ್ಟಿ ಎಂಬುದು ಮನೆಯ ಒಬ್ಬರಿಗಾದರೂ ಗೊತ್ತಿರಬೇಕು.