ಯಾವ ಮಿಡ್ಲಿಸ್ಕೂಲು ವಾಸಿ?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ. ಬೆಂಗಳೂರಿನ ಹೊಗೆ ಕುಡಿದು ಊದಿಕೊಳ್ಳುತ್ತಿರುವ ಈ ಪೇಟೆಗಳಲ್ಲಿ ಮೇ ತಿಂಗಳು ಬಂತೆಂದರೆ ಒಂದು ಮಾತು ಏಳುತ್ತದೆ: 'ಐದು ಮುಗೀತು, ಆರನೇ ಕ್ಲಾಸಿಗೆ ಯಾವ ಸರ್ಕಾರಿ ಶಾಲೆ ವಾಸಿ?' ಮಗ್ಗದ ಮನೆಯವರೂ ಕೇಳುತ್ತಾರೆ, ಗಾರ್ಮೆಂಟ್ಸಿಗೆ ಹೋಗುವ ಅವ್ವಂದಿರೂ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಯಾವ ಕೋಲಿನಿಂದ ಅಳೆಯುತ್ತೇವೆ ಅನ್ನೋದೇ ನಮ್ಮ ತಕರಾರು.

ಗೋಡೆಯ ಬಣ್ಣ, ಗೇಟು, ಇಂಗ್ಲಿಷ್ ಬೋರ್ಡು: ಇದು ಈಗಿನ ಕೋಲು. ಇದನ್ನು ಕೆತ್ತಿಕೊಟ್ಟಿದ್ದೇ ಸರ್ಕಾರ. 2012ರಿಂದ ಬಡವರ ಮಕ್ಕಳ ಫೀಜು ತಾನೇ ಕಟ್ಟಿ ಖಾಸಗಿ ಶಾಲೆಗೆ ಕಳಿಸಿತು. 2019ರಲ್ಲಿ ನಿಯಮ ತಿದ್ದಿ, ಹತ್ತಿರ ಸರ್ಕಾರಿ ಶಾಲೆ ಇದ್ದರೆ ಆ ಸೀಟಿಲ್ಲ ಎಂದಿತು. ಮೊದಲು 'ನಮ್ಮ ಶಾಲೆ ಸಾಲದು', ಆಮೇಲೆ 'ನಮ್ಮ ಶಾಲೆಯೇ ಸಾಕು'. ನಡುವೆ ಶಾಲೆಯೊಳಗೆ ಬದಲಾದದ್ದೇನು? 2018ರಿಂದ ಕೆಲವಕ್ಕೆ ಕರ್ನಾಟಕ ಪಬ್ಲಿಕ್ ಸ್ಕೂಲ್ ಎಂಬ ಹೆಸರು, 2019-20ರಲ್ಲಿ 1000 ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮ. ಉಳಿದವು ಹಾಗೇ ಉಳಿದವು. ಒಂದೇ ಇಲಾಖೆಯೊಳಗೆ ಅಗ್ರಹಾರವೂ ಆಯ್ತು, ಕೇರಿಯೂ ಆಯ್ತು.

ಇಂಗ್ಲಿಷ್ ಬೇಡ ಅಂತ ನಾವು ಹೇಳುವುದಿಲ್ಲ. ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿ ನಮ್ಮ ಐಕಳ ತಲೆ ಮೇಲೆ ಕನ್ನಡ ಉಳಿಸುವ ಭಾರ ಹೊರಿಸುವವರ ಮಾತು ನಮಗೆ ಬೇಡ. ಆದರೆ ಅಂದು ಒಂದನೇ ಕ್ಲಾಸಿಗೆ ಸೇರಿದ ಮಕ್ಕಳು 2024-25ಕ್ಕೆ ಆರನೇ ಕ್ಲಾಸಿಗೆ ಬಂದರು. ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವ ಮೇಷ್ಟ್ರು ಅವರಿಗೆ ಸಿಕ್ಕರೋ, ಬೋರ್ಡು ಮಾತ್ರ ಸಿಕ್ಕಿತೋ?

ನಮ್ಮ ಕೋಲು ಬೇರೆ. ಅದಕ್ಕೆ ಮೂರು ಗೆಣ್ಣು.

ಒಂದು, ಮೇಷ್ಟ್ರು. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ಕ್ಲಾಸಿಗೆ ವಿಜ್ಞಾನ-ಗಣಿತಕ್ಕೊಬ್ಬರು, ಸಮಾಜಕ್ಕೊಬ್ಬರು, ಭಾಷೆಗೊಬ್ಬರು ಇರಲೇಬೇಕು ಅನ್ನುತ್ತದೆ. ಇದ್ದಾರಾ?

ಎರಡು, ದಾರಿ. ಈ ಕ್ಲಾಸುಗಳಿಗೆ 3 ಕಿಲೋಮೀಟರಿನೊಳಗೆ ಶಾಲೆ ಇರಬೇಕೆಂದು ನಿಯಮ. ಲಾರಿ ಓಡುವ ಹೆದ್ದಾರಿ ದಾಟುವ ಹುಡುಗಿಗೆ 3 ಕಿಲೋಮೀಟರು ಎಷ್ಟು ದೂರ? 2006-07ರಲ್ಲಿ ಬಂದ ಸರ್ಕಾರಿ ಸೈಕಲ್ಲೂ ಎಂಟನೇ ಕ್ಲಾಸಿನವರಿಗೇ. ಆರು-ಏಳರವರು ನಡೆದೇ ಹೋಗಬೇಕಿತ್ತು.

ಮೂರು, ಪೊರಕೆ. 2023ರ ಡಿಸೆಂಬರಿನಲ್ಲಿ ಹೊಸಕೋಟೆಗೆ ಹೊಂದಿಕೊಂಡ ಮಾಲೂರು ತಾಲ್ಲೂಕಿನ ಯಲವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಹೊರಬಿತ್ತು. ಅದೇ ತಿಂಗಳು ಬೆಂಗಳೂರಿನ ಅಂದ್ರಹಳ್ಳಿ ಸರ್ಕಾರಿ ಶಾಲೆಯಲ್ಲಿ ಮಕ್ಕಳ ಕೈಲಿ ಕಕ್ಕಸು ತೊಳೆಸಿದ್ದೂ ಬಯಲಾಯಿತು. ಫಲಿತಾಂಶದ ಪಟ್ಟಿಯಲ್ಲಿ ಇಂಥದ್ದಕ್ಕೆ ಕಾಲಮ್ಮೇ ಇಲ್ಲ. ನೂರಕ್ಕೆ ನೂರು ಪಾಸು ಮಾಡಿಸುವ ಶಾಲೆಯಲ್ಲೂ ಪೊರಕೆ ಒಂದೇ ಕೇರಿಯ ಕೈಗೆ ಹೋದರೆ ಅದು ಫೇಲಾದ ಶಾಲೆ.

ಗೆಳೆಯರೇ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ನಮ್ಮ ಅಪ್ಪ ಅವ್ವಂದಿರೂ ಇದ್ದಾರೆ. ಹೆಬ್ಬೆಟ್ಟು ಒತ್ತಿ ಬರುವುದಕ್ಕಲ್ಲ, ಕೇಳುವುದಕ್ಕೆ. ಮೇಷ್ಟ್ರು ಎಷ್ಟು, ದಾರಿ ಎಷ್ಟು, ಪೊರಕೆ ಯಾರ ಕೈಲಿ? ಪೇಟೆಯ ಪ್ರತಿ ಶಾಲೆಗೂ ಹೋಗಿ ಈ ಮೂರನ್ನೂ ಬರೆದು ತನ್ನಿ. ಆಮೇಲೆ ಹೋಲಿಸೋಣ.