ಏಳು ಬಾಗಿಲುಗಳ ಹೊರಗೆ: ನಿಕಿತಿನ್ ಕಂಡ ಬೀದರ್ ಮತ್ತು ಪ್ರವಾಸ ಕಥನದಲ್ಲಿ ಮಹಾನಗರ

ಕನ್ನಡದಲ್ಲಿ ಪ್ರವಾಸ ಸಾಹಿತ್ಯವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಕನ್ನಡಿಗರು ಹೊರನಾಡುಗಳಿಗೆ ಹೋಗಿ ಕಂಡ ನಗರಗಳ ಸುತ್ತಲೇ ನಡೆದಿದೆ. ಲಂಡನ್, ಪ್ಯಾರಿಸ್, ನ್ಯೂಯಾರ್ಕ್‌ಗಳು ನೋಡಬೇಕಾದ ಮಹಾನಗರಗಳು, ನೋಡುವವನು ಕನ್ನಡಿಗ. ಈ ಕ್ರಮವನ್ನು ತಿರುಗಿಸಿ, ಕನ್ನಡ ನಾಡಿನ ನಗರವೊಂದು ಪರದೇಶದವನ ಕಣ್ಣಿಗೆ ಮಹಾನಗರವಾಗಿ ಕಂಡ ಸಂದರ್ಭವನ್ನು ಪರಿಶೀಲಿಸಿದರೆ, ಈ ಪ್ರಕಾರವನ್ನು ಅಳೆಯುವ ಬೇರೆಯೇ ಆದ ಮಾನದಂಡವೊಂದು ದೊರೆಯುವ ಸಾಧ್ಯತೆಯಿದೆ. ಅಂಥ ಸಂದರ್ಭವನ್ನು ಬೀದರ್ ಒದಗಿಸುತ್ತದೆ. 15ನೇ ಶತಮಾನದ ಉತ್ತರಾರ್ಧದಲ್ಲಿ ರಷ್ಯಾದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಬಹಮನಿ ರಾಜಧಾನಿಗೆ ಬಂದು, ತಿಂಗಳುಗಟ್ಟಲೆ ತಂಗಿದ್ದು, ತಾನು ಕಂಡುದನ್ನು ಬರೆದಿಟ್ಟ. ‘ಮೂರು ಸಮುದ್ರಗಳಾಚೆಯ ಪಯಣ’ ಎಂದು ಪ್ರಸಿದ್ಧವಾದ ಈ ಟಿಪ್ಪಣಿಗಳು ರಷ್ಯಾದ ಹಳೆಯ ಚರಿತ್ರೆಯ ದಾಖಲೆಗಳೊಳಗೆ ಸೇರಿ ಉಳಿದುವು. 1857ರಲ್ಲಿ ಹಕ್ಲುಯ್ಟ್ ಸಂಸ್ಥೆಯು ಪ್ರಕಟಿಸಿದ, ಆರ್. ಎಚ್. ಮೇಜರ್ ಸಂಪಾದಿಸಿದ ಸಂಪುಟದ ಮೂಲಕ ಅವು ಇಂಗ್ಲಿಷ್ ಓದುಗರಿಗೆ ದೊರೆತುವು. ವಿದೇಶೀ ಪ್ರವಾಸಿಗರ ಬರಹಗಳನ್ನು ಕನ್ನಡಕ್ಕೆ ತರುವ ಬಹುದೊಡ್ಡ ಕಾರ್ಯವನ್ನು ಎಚ್. ಎಲ್. ನಾಗೇಗೌಡರು ‘ಪ್ರವಾಸಿ ಕಂಡ ಇಂಡಿಯಾ’ ಮಾಲೆಯಲ್ಲಿ ಕೈಗೊಂಡರು. ಆದರೆ ಇಂಥ ಬರಹಗಳನ್ನು ಇತಿಹಾಸದ ಆಕರಗಳೆಂದು ಬಳಸಿಕೊಂಡಷ್ಟು ಕಥನಗಳೆಂದು ಓದಿದ್ದು ಕಡಿಮೆ.

ನಿಕಿತಿನ್‌ನ ಪಯಣದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆತ ಹೊರಟದ್ದು 1466ರಲ್ಲೆಂದು ಕೆಲವರೂ 1468ರಲ್ಲೆಂದು ಕೆಲವರೂ ವಾದಿಸುತ್ತಾರೆ. ಬೀದರ್ ವಾಸ್ತವ್ಯ 1470ರ ಆಸುಪಾಸಿನದು ಎಂದಿಟ್ಟುಕೊಂಡರೆ ಈ ಚರ್ಚೆಗೆ ಸಾಕು. ಆಗ ಸಿಂಹಾಸನದಲ್ಲಿದ್ದವನು ತರುಣ ಸುಲ್ತಾನ ಮೂರನೆಯ ಮುಹಮ್ಮದ್. ಆಡಳಿತದ ಸೂತ್ರ ‘ಮಲಿಕ್-ಉತ್-ತುಜ್ಜಾರ್’ ಎಂಬ ಬಿರುದಿನ ಮಹಮೂದ್ ಗವಾನನ ಕೈಯಲ್ಲಿತ್ತು. ನಿಕಿತಿನ್ ದೇಶ ನೋಡಲೆಂದು ಬಂದವನಲ್ಲ. ದಾರಿಯಲ್ಲಿ ಅಸ್ತ್ರಾಖಾನ್ ಬಳಿ ದರೋಡೆಗೆ ಸಿಕ್ಕಿ ಸರಕನ್ನೂ ಧರ್ಮಗ್ರಂಥಗಳನ್ನೂ ಕಳೆದುಕೊಂಡವನು. ಕೊನೆಗೆ ಒಂದು ಗಂಡುಕುದುರೆಯನ್ನು ಕೊಂಡು, ಹಿಂದೂಸ್ಥಾನದಲ್ಲಿ ಕುದುರೆಗೆ ಬೆಲೆಯುಂಟೆಂದು ನಂಬಿ, ಹೊರ್ಮುಜಿನಿಂದ ಹಡಗು ಹತ್ತಿ ಚೌಲ್ ಬಂದರಿಗೆ ಇಳಿದ. ಜುನ್ನರಿನಲ್ಲಿ ಅಲ್ಲಿಯ ಅಧಿಕಾರಿ ಆ ಕುದುರೆಯನ್ನು ಕಸಿದುಕೊಂಡು, ಇಸ್ಲಾಮಿಗೆ ಸೇರಿದರೆ ಮಾತ್ರ ಹಿಂದಿರುಗಿಸುವೆನೆಂದ. ಖುರಾಸಾನಿನ ಒಬ್ಬ ಸಜ್ಜನನ ಮಧ್ಯಸ್ಥಿಕೆಯಿಂದ ಕುದುರೆಯೂ ಉಳಿಯಿತು, ಮತವೂ ಉಳಿಯಿತು. ಅಲ್ಲಿಂದ ಒಂದು ತಿಂಗಳ ಹಾದಿ ನಡೆದು ಆತ ಬೀದರ್ ತಲುಪಿದ. ನಗರವನ್ನು ನೋಡುವ ಕಣ್ಣಿನ ಹಿಂದೆ ಮಾರಾಟವಾಗದ ಕುದುರೆಯೊಂದು ಸದಾ ನಿಂತಿದೆ ಎಂಬುದನ್ನು ಮರೆತು ಈ ಪಠ್ಯವನ್ನು ಓದುವಂತಿಲ್ಲ. ಮೇವಿನ ಖರ್ಚು ದಿನದಿನವೂ ಏರುತ್ತಿತ್ತು. ವರ್ಷದಷ್ಟು ಕಾಲ ಸಾಕಿ, ಕ್ರಿಸ್‌ಮಸ್ ಹೊತ್ತಿಗೆ ಅದನ್ನು ಬೀದರಿನಲ್ಲಿ ಮಾರಿದನೆಂದು ಆತನೇ ಲೆಕ್ಕ ಕೊಡುತ್ತಾನೆ.

ಬೀದರ್ ಕುರಿತ ಬರಹಗಳು ನಿಕಿತಿನ್‌ನಿಂದ ಹೆಚ್ಚಾಗಿ ಎತ್ತಿಕೊಳ್ಳುವುದು ಅರಮನೆಯ ವರ್ಣನೆಯನ್ನು. ಸುಲ್ತಾನನ ನಿವಾಸ ಅತ್ಯದ್ಭುತವಾದುದು, ಎಲ್ಲವೂ ಕೆತ್ತನೆ ಮತ್ತು ಚಿನ್ನದ ಕೆಲಸ, ಕಟ್ಟಕಡೆಯ ಕಲ್ಲನ್ನೂ ಕೆತ್ತಿ ಹೊನ್ನಿನಿಂದ ಬರೆಯಲಾಗಿದೆ ಎಂಬುದು ಅದರ ತಾತ್ಪರ್ಯ. ಗತವೈಭವಕ್ಕೆ ಪ್ರಮಾಣಪತ್ರವಾಗಿ ಇದು ಅನುಕೂಲಕರವಾಗಿದೆ. ಆದರೆ ಪಠ್ಯದಲ್ಲಿ ಇದಕ್ಕೆ ತೀರ ಹತ್ತಿರದಲ್ಲಿಯೇ ಬೇರೊಂದು ಸಂಗತಿಯಿದೆ. ಅರಮನೆಗೆ ಏಳು ಬಾಗಿಲುಗಳು. ಪ್ರತಿ ಬಾಗಿಲಲ್ಲೂ ನೂರು ಕಾವಲುಗಾರರು, ನೂರು ಮಂದಿ ಕಾಫಿರ ಲಿಪಿಕಾರರು. ಒಳಹೋಗುವವರನ್ನು ಕೆಲವರು, ಹೊರಬರುವವರನ್ನು ಕೆಲವರು ಬರೆದುಕೊಳ್ಳುತ್ತಾರೆ. ಪರದೇಶಿಗಳನ್ನು ಒಳಗೆ ಬಿಡುವುದಿಲ್ಲ. ಹಾಗಿದ್ದರೆ ಕಟ್ಟಕಡೆಯ ಕಲ್ಲಿನ ಕೆತ್ತನೆಯನ್ನು ನಿಕಿತಿನ್ ನೋಡಿದ್ದೆಲ್ಲಿಂದ? ಹೊರಗಿನಿಂದ ಕಂಡಷ್ಟನ್ನು ಬರೆದನೋ, ಒಳಗೆ ಹೋಗಿ ಬಂದವರ ಬಾಯಿಂದ ಕೇಳಿದ್ದನ್ನು ಬರೆದನೋ, ಪಠ್ಯ ಬಿಡಿಸಿ ಹೇಳುವುದಿಲ್ಲ. ಪ್ರವೇಶ ನಿಷೇಧದ ಮಾತನ್ನೂ ಒಳಗಿನ ಬೆರಗನ್ನೂ ಅದು ಒಟ್ಟೊಟ್ಟಿಗೆ ಇಟ್ಟು ಮುಂದೆ ಸಾಗುತ್ತದೆ. ಬೀದರಿನ ಅಭಿಮಾನಿಗಳು ಎರಡನೆಯದನ್ನು ಮಾತ್ರ ಉದ್ಧರಿಸುವುದರಿಂದ ಪಠ್ಯದ ಸತ್ವವೇ ಕೈತಪ್ಪುತ್ತದೆ.

ಇಲ್ಲಿ ನಿಕಿತಿನ್ ಬಳಸುವ ಪದ ಗಮನಾರ್ಹವಾದುದು. ಒಳಗೆ ಬಿಡದವರನ್ನು ಆತ ರಷ್ಯನ್ ಪದದಿಂದ ಕರೆಯುವುದಿಲ್ಲ. ದಾರಿಯಲ್ಲಿ ಕಲಿತ ‘ಗರೀಬ್’ ಎಂಬ ಮಾತನ್ನೇ ತನ್ನ ಬರಹಕ್ಕೆ ತರುತ್ತಾನೆ. ಅರಬ್ಬಿಯಲ್ಲಿ ಇದರ ಅರ್ಥ ಅಪರಿಚಿತ, ಹೊರನಾಡಿನವನು. ಉರ್ದುವಿನ ಮೂಲಕ ಬೀದರ್ ಸೀಮೆಯ ಕನ್ನಡಕ್ಕೆ ಬಂದಾಗ ಅದು ಬಡವ ಎಂಬ ಅರ್ಥದಲ್ಲಿ ನೆಲೆಸಿತು. ಕನ್ನಡದ ‘ಪರದೇಶಿ’ಯೂ ಹೀಗೆಯೇ ಎರಡು ಅರ್ಥಗಳ ಪದ: ಬೇರೆ ದೇಶದವನು ಎಂಬುದು ಒಂದು, ದಿಕ್ಕಿಲ್ಲದವನು ಎಂಬುದು ಇನ್ನೊಂದು. ನಿಕಿತಿನ್‌ನ ಬದುಕನ್ನು ಆಧರಿಸಿ 1957ರಲ್ಲಿ ಖ್ವಾಜಾ ಅಹ್ಮದ್ ಅಬ್ಬಾಸ್ ಮತ್ತು ವಾಸಿಲಿ ಪ್ರೊನಿನ್ ನಿರ್ದೇಶಿಸಿದ ಭಾರತ–ಸೋವಿಯತ್ ಚಿತ್ರಕ್ಕೆ ಹಿಂದಿಯಲ್ಲಿ ‘ಪರದೇಸಿ’ ಎಂದೇ ಹೆಸರಿಡಲಾಗಿತ್ತು. ಹಿಂದಿ ಶೀರ್ಷಿಕೆಯಲ್ಲಿ ಪ್ರಣಯದ ಛಾಯೆಯಿದೆ; ಕನ್ನಡದ ಕಿವಿಗೆ ಕೇಳುವ ಅನಾಥತೆಯೇ ಮೂಲ ಪಠ್ಯಕ್ಕೆ ಹೆಚ್ಚು ಹತ್ತಿರ.

ಬಹಮನಿ ರಾಜಕಾರಣದಲ್ಲಿಯೂ ಈ ಪದಕ್ಕೆ ಭಾರವಾದ ಅರ್ಥವಿತ್ತು. ಇರಾನ್, ಇರಾಕ್, ಖುರಾಸಾನ್ ಕಡೆಯಿಂದ ಬಂದು ಆಸ್ಥಾನದಲ್ಲಿ ಪ್ರಬಲರಾದವರನ್ನು ಆಫಾಕಿಗಳು ಅಥವಾ ಗರೀಬರು ಎಂದೂ, ನಾಡಿನಲ್ಲಿ ಬೇರುಬಿಟ್ಟವರನ್ನು ದಖನಿಗಳು ಎಂದೂ ಕರೆಯುತ್ತಿದ್ದರು. ಗವಾನ್ ಸ್ವತಃ ಗಿಲಾನಿನಿಂದ ವರ್ತಕನಾಗಿ ಬಂದವನು. ಅವನ ಬಿರುದಿನ ಅರ್ಥವೇ ವರ್ತಕರ ದೊರೆ ಎಂದು. ಒಬ್ಬ ಗರೀಬ ರಾಜ್ಯವನ್ನು ನಡೆಸುತ್ತಿದ್ದ, ಇನ್ನೊಬ್ಬ ಗರೀಬ ಕುದುರೆಯ ಲಗಾಮು ಹಿಡಿದು ಬಾಗಿಲ ಹೊರಗೆ ನಿಂತಿದ್ದ. ಎರಡು ಗುಂಪುಗಳ ದ್ವೇಷಕ್ಕೆ 1481ರಲ್ಲಿ ಗವಾನನೂ ಬಲಿಯಾದ. ನಗರದಲ್ಲಿ ಪರದೇಶಿಯ ಸ್ಥಾನ ಎಷ್ಟು ಎತ್ತರಕ್ಕೇರಿದರೂ ಅಸ್ಥಿರವೇ ಎಂಬುದಕ್ಕೆ ಬೀದರಿನ ಚರಿತ್ರೆಯಲ್ಲಿ ಇದಕ್ಕಿಂತ ಕಟುವಾದ ನಿದರ್ಶನವಿಲ್ಲ.

ಇಂದಿನ ಪ್ರವಾಸಿಗೆ ಬೀದರ್ ಕೋಟೆಯ ಬಾಗಿಲುಗಳು ತೆರೆದಿವೆ. ಆದರೆ ಆತ ನೋಡುವುದು ನಿಕಿತಿನ್‌ನ ಬೀದರನ್ನಲ್ಲ. ಹುಲಿಗಳ ಉಬ್ಬುಶಿಲ್ಪವಿರುವ ಶರ್ಜಾ ದರವಾಜಾ 1503ರದು. ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕುಸುರಿ ಬರೀದ್ ಶಾಹಿ ಕಾಲದ, ಅಂದರೆ 16ನೇ ಶತಮಾನದ ಕೆಲಸ. ನಿಕಿತಿನ್ ಹೇಳುವ ಹೊನ್ನಿನ ಕೆತ್ತನೆಯನ್ನು ಈ ಕಟ್ಟಡಗಳೊಡನೆ ಹೊಂದಿಸಿ ಓದುವುದು ಅವಸರದ ಓದು. ಗವಾನನ ಮದರಸಾ 1472ರ ಹೊತ್ತಿಗೆ ಪೂರ್ಣಗೊಂಡದ್ದು. ಬೀದರ್ ಎಂದೊಡನೆ ಈಗ ಎಲ್ಲರ ಕಣ್ಣೆದುರು ಬರುವ ಆ ಕಟ್ಟಡಕ್ಕೆ ಈ ಟಿಪ್ಪಣಿಗಳಲ್ಲಿ ಜಾಗವಿಲ್ಲ. ನೋಡತಕ್ಕ ಸ್ಥಳಗಳ ಪಟ್ಟಿಯನ್ನು ನಗರ ತಾನೇ ತಯಾರಿಸಿ ಕೊಡುವುದಕ್ಕೆ ಮುಂಚಿನ ಪ್ರವಾಸಿ ಆತ.

ಪಟ್ಟಿಯಿಲ್ಲದ ಕಣ್ಣಿಗೆ ಕಂಡದ್ದೇನು? ರಾತ್ರಿಯ ಹೊತ್ತು ಕೊತ್ವಾಲನ ಸವಾರರು ದೀವಟಿಗೆ ಹಿಡಿದು ಕಾವಲು ತಿರುಗುವುದು. ಬೀದಿಗಳಲ್ಲಿ ಹರಿಯುವ ಎರಡು ಮಾರುದ್ದದ ಹಾವುಗಳು. ಬಕ್ರೀದಿನ ದಿನ ಸುಲ್ತಾನನ ಮೆರವಣಿಗೆ: ಉಕ್ಕಿನ ಕವಚ ತೊಟ್ಟ ಮುನ್ನೂರು ಆನೆಗಳು, ಮುನ್ನೂರು ಕಹಳೆಯವರು, ಮುನ್ನೂರು ನರ್ತಕಿಯರು. ಮೂರು ಕಡೆ ಬರುವ ಈ ಮುನ್ನೂರು ಎಣಿಕೆಯದಲ್ಲ, ಅಂದಾಜಿನದು. ಆದರೂ ಅದು ಕವಿಯ ಉತ್ಪ್ರೇಕ್ಷೆಯಲ್ಲ. ಸಗಟು ವ್ಯಾಪಾರಿಯ ಕಣ್ಣಳತೆ. ಆಳಂದದಲ್ಲಿ ಶೇಖ್ ಅಲಾವುದ್ದೀನರ ನೆನಪಿನಲ್ಲಿ ಹತ್ತು ದಿನ ನಡೆಯುವ ಜಾತ್ರೆಯನ್ನು ಆತ ಹಿಂದೂಸ್ಥಾನದಲ್ಲೇ ಶ್ರೇಷ್ಠವಾದುದೆನ್ನುತ್ತಾನೆ. ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುತ್ತವೆಂಬುದು ಅಲ್ಲಿಯ ಲೆಕ್ಕ. ಅದೇ ಉಸಿರಿನಲ್ಲಿ ಇರುಳು ‘ಗುಕ್ಕುಕ್’ ಎಂದು ಕೂಗುವ ಹಕ್ಕಿಯೊಂದರ ಕಥೆ: ಅದು ಯಾವ ಮನೆಯ ಮೇಲೆ ಕುಳಿತೀತೋ ಆ ಮನೆಯಲ್ಲಿ ಸಾವು. ಗೂಬೆಯ ಬಗೆಗಿನ ಈ ನಂಬಿಕೆ ಕನ್ನಡ ನಾಡಿನ ಹಳ್ಳಿಗಳಿಗೆ ಅಪರಿಚಿತವಲ್ಲ. ಕೇಳಿದ್ದನ್ನೂ ಕಂಡದ್ದನ್ನೂ ಆತ ಒಂದೇ ಬುಟ್ಟಿಗೆ ಹಾಕುತ್ತಾನೆ. ಇತಿಹಾಸಕಾರನಿಗೆ ಇದು ದೋಷ; ಜನಪದ ಅಧ್ಯಯನಕಾರನಿಗೆ ಲಾಭ.

ಅರಮನೆಯ ಬಾಗಿಲು ಮುಚ್ಚಿದ ನಗರದಲ್ಲಿ ಬೇರೆ ಬಾಗಿಲೊಂದು ತೆರೆದ ಬಗೆ ಈ ಪಠ್ಯದ ಅತ್ಯಂತ ಶ್ರೀಮಂತ ಭಾಗವಾಗಿದೆ. ಖ್ವಾಜಾ ಯೂಸುಫ್ ಖುರಾಸಾನಿ ಎಂಬ ಹೆಸರಿನಲ್ಲಿ ತಿರುಗುತ್ತಿದ್ದ ನಿಕಿತಿನ್, ಬೀದರಿನಲ್ಲಿ ಪರಿಚಯವಾದ ಹಿಂದೂಗಳಿಗೆ ತಾನು ಮುಸಲ್ಮಾನನಲ್ಲ, ಕ್ರೈಸ್ತ, ತನ್ನ ಹೆಸರು ಅಫನಾಸಿ ಎಂದು ತಿಳಿಸಿದ. ಅಲ್ಲಿಂದ ಮುಂದೆ ಅವರು ತಮ್ಮ ಊಟ, ವ್ಯಾಪಾರ, ಪೂಜೆ ಯಾವುದನ್ನೂ ಆತನಿಂದ ಮುಚ್ಚಿಡಲಿಲ್ಲ. ಒಬ್ಬರೊಡನೊಬ್ಬರು ಕೂತು ಉಣ್ಣದಿರುವುದು, ಅನ್ಯರ ದೃಷ್ಟಿ ತಾಗದಂತೆ ಅನ್ನದ ಮೇಲೆ ಬಟ್ಟೆ ಮುಚ್ಚುವುದು, ಬಲಗೈಯಿಂದಲೇ ಉಣ್ಣುವುದು, ನಾಡಿನಲ್ಲಿ 84 ಮತಗಳಿವೆಯೆಂದು ಅವರು ಹೇಳಿದ್ದು ಎಲ್ಲವೂ ಇಲ್ಲಿ ದಾಖಲಾಗಿದೆ. ಅವರೊಡನೆಯೇ ಆತ ಶಿವರಾತ್ರಿಗೆ ‘ಪರ್ವತ’ಕ್ಕೆ, ಅಂದರೆ ಶ್ರೀಶೈಲಕ್ಕೆ, ತಿಂಗಳ ಹಾದಿ ನಡೆದು ಹೋದ, ಕಪ್ಪುಕಲ್ಲಿನ, ಹೊನ್ನ ಲೇಪದ ಬೃಹತ್ ಬಸವನನ್ನು ಕಂಡ. ಸಂಗಡಿಗರ ಪಂಥದ ಹೆಸರನ್ನು ಪಠ್ಯ ಹೇಳುವುದಿಲ್ಲ. ಬೀದರ್ ಸೀಮೆಯಿಂದ ಶ್ರೀಶೈಲಕ್ಕೆ ಹೊರಟವರು ವೀರಶೈವರಿರಬಹುದೆಂಬ ಊಹೆ ಸಹಜವಾದರೂ ಊಹೆಯಾಗಿಯೇ ಉಳಿಯಬೇಕಾದುದು. ಹೆಸರನ್ನು ಬಚ್ಚಿಟ್ಟು ನೋಡಿದ ನಗರಕ್ಕೂ ಹೆಸರನ್ನು ಹೇಳಿದ ಮೇಲೆ ಕಂಡ ನಗರಕ್ಕೂ ಇರುವ ಅಂತರ ಬರಹದ ಧಾಟಿಯಲ್ಲಿಯೇ ಕೇಳಿಬರುತ್ತದೆ. ಮೊದಲನೆಯದರಲ್ಲಿ ಸಂಖ್ಯೆಗಳಿವೆ, ಎರಡನೆಯದರಲ್ಲಿ ಮನುಷ್ಯರಿದ್ದಾರೆ.

ಈ ಅಳತೆಗೋಲನ್ನು ಹಿಡಿದು ಕನ್ನಡ ಪ್ರವಾಸ ಕಥನಗಳತ್ತ ನೋಡಿದಾಗ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ವಿ. ಕೃ. ಗೋಕಾಕರ ‘ಸಮುದ್ರದಾಚೆಯಿಂದ’ ಕೃತಿಯ ಹಿಂದೆ ಆಕ್ಸ್‌ಫರ್ಡಿನ ವಿದ್ಯಾರ್ಥಿ ಇದ್ದಾನೆ, ‘ಅಪೂರ್ವ ಪಶ್ಚಿಮ’ದ ಶಿವರಾಮ ಕಾರಂತರು ಕಲೆ ಮತ್ತು ಬದುಕನ್ನು ತೂಗಿ ನೋಡುವ ಸ್ವತಂತ್ರ ವೀಕ್ಷಕರು, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ ಕೃತಿಯಲ್ಲಿ ಹೇಮಾವತಿ ತೀರದ ಹಳ್ಳಿಯ ಮನಸ್ಸು ಪರನಾಡಿಗೆ ಅತಿಥಿಯಾಗಿ ಹೋಗಿದೆ. ಮೂವರ ನೆಲೆಗಳೂ ಭಿನ್ನ. ಆದರೆ ಹೊಟ್ಟೆಪಾಡಿನ ಸರಕನ್ನು ಕೈಯಲ್ಲಿ ಹಿಡಿದು ನಗರ ಹೊಕ್ಕವರು ಇವರಲ್ಲಿ ಯಾರೂ ಅಲ್ಲ. ಆದರೂ ಈ ಕೃತಿಗಳು ಬಾಳುವುದು ನೋಡುವವನು ಎಲ್ಲಿ ನಿಂತಿದ್ದಾನೆಂಬುದನ್ನು ಅವು ಮರೆಸುವುದಿಲ್ಲವಾದ್ದರಿಂದ. 1990ರ ದಶಕದ ಈಚೆಗೆ ಗುಂಪು ಪ್ರವಾಸಗಳ ಬೆನ್ನಿಗೆ ಬಂದ ಹಲವು ಪುಸ್ತಕಗಳಲ್ಲಿ ಈ ನಿಲುನೆಲವೇ ಮಾಯವಾಗಿದೆ. ಗೋಪುರದ ಎತ್ತರ, ಸೇತುವೆಯ ಉದ್ದ, ವಸ್ತುಸಂಗ್ರಹಾಲಯದ ಕೋಣೆಗಳು ಒಂದಾದ ಮೇಲೊಂದು ಬರುತ್ತವೆ; ತೆರೆಯದ ಬಾಗಿಲೊಂದೂ ಬರುವುದಿಲ್ಲ. ಎಲ್ಲ ಬಾಗಿಲುಗಳ ಟಿಕೆಟ್ಟೂ ಮೊದಲೇ ಕೊಂಡದ್ದಾಗಿರುತ್ತದೆ.

ಬೀದರಿನ ಓದುಗನಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆಯೊಂದಿದೆ. ನಿಕಿತಿನ್ ಒಂದು ಕಡೆ, ಈ ನಾಡಿನಲ್ಲಿ ಜನ ಬಹಳ, ಹಳ್ಳಿಯವರು ಅತೀವ ದರಿದ್ರರು, ಸರದಾರರು ಮಾತ್ರ ಮಹಾಸಿರಿವಂತರು ಎನ್ನುವ ಅರ್ಥದ ಮಾತು ಬರೆದು, ಬೆಳ್ಳಿಯ ಪಲ್ಲಕ್ಕಿಗಳಲ್ಲಿ ಹೊತ್ತು ತರುವ ಸರದಾರರ ವರ್ಣನೆಗೆ ಹೊರಳುತ್ತಾನೆ. ಅರಮನೆಯ ವರ್ಣನೆಯಷ್ಟು ಈ ಮಾತು ಉದ್ಧೃತವಾಗಿಲ್ಲ. ಬೀದರಿನಿಂದ ಭಾಲ್ಕಿಯ ಕಡೆ ಹೊರಟ ರೈಲು ಖಾನಾಪುರ ದಾಟಿ ಹಲಬರ್ಗಾದಲ್ಲಿ ನಿಲ್ಲುತ್ತದೆ. ಇಂಥ ಊರುಗಳೇ ರಾಜಧಾನಿಯ ಹಿನ್ನಾಡು. ನಿಕಿತಿನ್ ಈ ಊರಿನ ಹೆಸರನ್ನೆತ್ತಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ. ಹಳ್ಳಿಯವರು ಎಂಬ ಒಂದೇ ಪದದಲ್ಲಿ ಎಲ್ಲ ಊರುಗಳೂ ಸಂದಿವೆ. ಕನ್ನಡ, ಮರಾಠಿ, ಉರ್ದು, ತೆಲುಗು ಕೂಡಿ ನಡೆಯುವ ಈ ಭಾಗದವರಿಗೆ ನಿಜಾಮರ ಕಾಲದಿಂದ ಹೈದರಾಬಾದೇ ಪಟ್ಟಣ, ರಾಜಧಾನಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿದಾಗ ಆ ಪಟ್ಟಣ ಪರರಾಜ್ಯದ್ದಾಯಿತು. ದಾರಿ ಬದಲಾಗಲಿಲ್ಲ, ದುಡಿಮೆಗೆ ಹೋಗುವುದೂ ನಿಲ್ಲಲಿಲ್ಲ. ಹೋದವನು ಮಾತ್ರ ಪರದೇಶಿಯಾದ. ಚಾರ್‌ಮಿನಾರನ್ನು ಕೂಲಿಯ ಬಿಡುವಿನಲ್ಲಿ ನೋಡಿದವನ ಮಾತು ಪ್ರವಾಸ ಸಾಹಿತ್ಯದ ಚರ್ಚೆಯಲ್ಲಿ ಎಣಿಕೆಗೆ ಬರುವುದಿಲ್ಲ. ತ್ವೇರ್‌ನ ಕುದುರೆ ವ್ಯಾಪಾರಿಗೆ ಸಾಹಿತ್ಯದಲ್ಲಿ ಸ್ಥಾನವಿದೆಯಾದರೆ, ಅವನಿಗೇಕಿಲ್ಲ ಎಂಬುದಕ್ಕೆ ಪ್ರಕಾರದ ಲಕ್ಷಣವನ್ನು ಬರೆಯುವವರು ಉತ್ತರಿಸಬೇಕಾಗುತ್ತದೆ.

ಧರ್ಮಗ್ರಂಥಗಳನ್ನು ಕಳೆದುಕೊಂಡ ನಿಕಿತಿನ್‌ಗೆ ಈಸ್ಟರ್ ಎಂದು ಬರುತ್ತದೆಂಬುದೇ ತಿಳಿಯದಾಯಿತು. ಮುಸಲ್ಮಾನರ ಉಪವಾಸದ ತಿಂಗಳಲ್ಲಿ ಉಪವಾಸವಿದ್ದು, ನಕ್ಷತ್ರಗಳನ್ನು ನೋಡಿ ಹಬ್ಬವನ್ನು ಅಂದಾಜು ಮಾಡಿದ. ಭಾಷೆಯೂ ಹಾಗೆಯೇ ಕಲಸಿಹೋಯಿತು. ಬರಹದ ನಡುವೆ ತುರ್ಕಿ, ಪಾರಸಿ, ಅರಬ್ಬಿ ಮಾತುಗಳು ರಷ್ಯನ್ ಲಿಪಿಯಲ್ಲಿ ನುಗ್ಗುತ್ತವೆ. ಬೆಲೆಗಳು, ಗುಟ್ಟುಗಳು, ಪ್ರಾರ್ಥನೆಗಳು ಹೆಚ್ಚಾಗಿ ಈ ಬೆರಕೆ ನುಡಿಯಲ್ಲಿವೆ. ಅಂಥ ಒಂದು ಪ್ರಾರ್ಥನೆಯಲ್ಲಿ ಆತ ತನ್ನ ರಷ್ಯಾ ನಾಡನ್ನು ದೇವರು ಕಾಪಾಡಲೆಂದು ಬೇಡುತ್ತಾನೆ. ಲೋಕದಲ್ಲಿ ಅದಕ್ಕೆ ಸಮನಾದ ನಾಡಿಲ್ಲವೆಂದೂ, ಆದರೆ ಅಲ್ಲಿಯ ಸರದಾರರು ನ್ಯಾಯವಂತರಲ್ಲವೆಂದೂ ಬರೆಯುತ್ತಾನೆ. ಊರಿಗೆ ಹಿಂದಿರುಗುವ ಹಾದಿಯಲ್ಲಿ, ಸ್ಮೊಲೆನ್ಸ್ಕ್ ತಲುಪುವ ಮೊದಲೇ ಆತ ತೀರಿಕೊಂಡ. ತನ್ನ ನಾಡಿನ ಸರದಾರರ ಮೇಲಿನ ಆ ದೂರು ತುರ್ಕಿ ಮಾತಿನಲ್ಲಿಯೇ ಉಳಿಯಿತು.